ಕೀಬೋರ್ಡಿನ ಬೆನ್ನ ಮೇಲಿನ ಐದು ತೂತು

ಮಾವ ರಾಯಚೂರು ಬಿಟ್ಟು ಬೆಂಗಳೂರಿಗೆ, ಮಗನ ಮನೆಗೆ ಹೊರಟರು. ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಅಟ್ಟದಿಂದ ತಾಮ್ರದ ಹಂಡೆ ಇಳಿಯಿತು, ತೊಟ್ಟಿಲು ಇಳಿಯಿತು, ಕೊನೆಗೆ ಹಳೇ ಸೀರೆ ಸುತ್ತಿದ ಉದ್ದನೆಯ ಗಂಟೊಂದು ಇಳಿಯಿತು. ಬಿಚ್ಚಿದರೆ 49 ಕೀಗಳ ಮಿಡಿ ಕೀಬೋರ್ಡು. ಮಾವ ಒಂದು ಕಾಲದಲ್ಲಿ ರಸಮಂಜರಿ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. 2005ರಲ್ಲಿ ಹೈದರಾಬಾದಿಗೆ ಹೋಗಿ ಇದನ್ನು ತಂದಿದ್ದರು.

“ತಗೊಂಡು ಹೋಗಪಾ. ಸಿಡಿನೂ ಅದರಾಗ ಅದ. ಹಾಕಿದ್ರ ಆತು, ಅಗದಿ ಸಲೀಸು,” ಅಂದರು.

ಆ ‘ಅಗದಿ ಸಲೀಸು’ ನನ್ನ ಮೂರು ವಾರ ತಿಂದಿತು.

ನಾನು ಹಗಲು ಹೊತ್ತು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಸಂಜೆಗೆ ಮಾಳಿಗೆ ಮೇಲಿನ ಕೋಣೆಯಲ್ಲಿ ಸುತ್ತಲಿನ ಭಜನಾ ಮಂಡಳಿಗಳ ಹಾಡು ರೆಕಾರ್ಡ್ ಮಾಡುತ್ತೇನೆ. ತತ್ವಪದ, ದಾಸರ ಪದ, ಮೊಹರಂ ಹತ್ತಿರ ಬಂದರೆ ರಿವಾಯತ್ ಪದ. ಗೋಡೆಗೆ ಅವ್ವ ಹೊಲಿದ ನಾಲ್ಕು ಕೌದಿ ತೂಗುಹಾಕಿದ್ದೇನೆ, ಅದೇ ನನ್ನ ಸೌಂಡ್ ಪ್ರೂಫಿಂಗ್. ಒಂದು ಮೈಕು, ಅದರ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಒಂದು ಸಣ್ಣ ಆಡಿಯೋ ಇಂಟರ್‌ಫೇಸ್, ವಿಂಡೋಸ್ 11 ಇರುವ ಲ್ಯಾಪ್‌ಟಾಪ್, ಅದರಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಂ. ಇಷ್ಟೇ ಬಂಡವಾಳ. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ರೆಕಾರ್ಡ್ ಮಾಡುವುದು ಒಂದು ತಪಸ್ಸು, ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಈ ಕೀಬೋರ್ಡು ನನಗೆ ಬೇಕಿದ್ದುದು ಹಾಡಿನ ಹಿಂದೆ ತಂಬೂರಿಯ ಶ್ರುತಿ, ಸ್ವಲ್ಪ ಬೇಸ್, ಅಲ್ಲಲ್ಲಿ ಕೊಳಲಿನಂಥದ್ದೇನೋ ಹಾಕುವುದಕ್ಕೆ. ಅಲ್ಲಿಯವರೆಗೆ ಮೌಸ್ ಹಿಡಿದು ಒಂದೊಂದೇ ಸ್ವರವನ್ನು ಪರದೆಯ ಮೇಲೆ ಕೂರಿಸುತ್ತಿದ್ದೆ. ಒಂದು ಪದಕ್ಕೆ ಒಂದು ರಾತ್ರಿ ಹೋಗುತ್ತಿತ್ತು. ಅಷ್ಟು ಮಾಡಿದರೂ ಕೇಳಲು ಗೋಡೆ ಗಡಿಯಾರದ ಹಾಗೆ ಟಕ್ ಟಕ್ ಅನ್ನುತ್ತಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಮಿಡಿ ಕೀಬೋರ್ಡಿಗೆ ಸ್ವಂತ ದನಿ ಇಲ್ಲ. ಒತ್ತಿದರೆ ಅದು ಕಂಪ್ಯೂಟರಿಗೆ ಒಂದು ಸುದ್ದಿ ಕಳಿಸುತ್ತದೆ, ಅಷ್ಟೆ. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು. ಕೀಗೂ ಜೋರಿಗೂ 0ಯಿಂದ 127ರವರೆಗಿನ ಅಂಕಿ. ನಡುವಿನ ಬಿಳಿ ಒಂದಕ್ಕೆ 60. ದನಿ ಹೊರಡುವುದು ಕಂಪ್ಯೂಟರಿನಲ್ಲಿ. ಸುದ್ದಿ ಮುಟ್ಟದಿದ್ದರೆ ಅದು ಬರೀ ಪ್ಲಾಸ್ಟಿಕ್ ಹಲಗೆ.

ಮೊದಲ ದಿನ ಯುಎಸ್‌ಬಿ ಕೇಬಲ್ ಚುಚ್ಚಿದೆ. ಕೀಬೋರ್ಡಿನ ಪುಟ್ಟ ಪರದೆಯಲ್ಲಿ ಕೆಂಪು ಅಂಕಿ ಹೊಳೆಯಿತು. ಖುಷಿಯಾಯಿತು. ರೀಪರ್ ತೆರೆದೆ, ಮಿಡಿ ಡಿವೈಸ್ ಪಟ್ಟಿ ನೋಡಿದೆ. ಖಾಲಿ. ಜೋಡಿಸಿದ ಸಾಧನಗಳನ್ನೆಲ್ಲ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದರೆ ‘ಅದರ್ ಡಿವೈಸಸ್’ ಕೆಳಗೆ ಹಳದಿ ತ್ರಿಕೋನ ಹೊತ್ತು ಕೂತಿತ್ತು. ಒಳಗೆ ನೋಡಿದರೆ ಕೋಡ್ 28. ಅಂದರೆ ಈ ಸಾಧನಕ್ಕೆ ಡ್ರೈವರ್ ಇಲ್ಲ ಎಂದು.

ಡ್ರೈವರ್ ಅಂದರೆ ಏನು ಅಂತ ನಮ್ಮ ಮಿಲ್ಲಿನಲ್ಲಿ ಕೇಳಿದರೆ ಲಾರಿ ತೋರಿಸುತ್ತಾರೆ. ನನಗೆ ತಿಳಿದಂತೆ ಅದು ದಲಾಲಿ ಅಂಗಡಿ. ರೈತ ಹತ್ತಿ ತರುತ್ತಾನೆ, ಗಿರಣಿಯವ ಕೊಳ್ಳುತ್ತಾನೆ, ಇಬ್ಬರ ಮಾತೂ ಬಲ್ಲ ದಲಾಲಿ ನಡುವೆ ಕೂರುತ್ತಾನೆ. ಇವತ್ತಿನ ಬಹಳಷ್ಟು ಮಿಡಿ ಕೀಬೋರ್ಡುಗಳಿಗೆ ಸ್ವಂತ ದಲಾಲಿ ಬೇಕಿಲ್ಲ. ಯುಎಸ್‌ಬಿಯಲ್ಲಿ ಮಿಡಿ ಹೇಗೆ ಮಾತಾಡಬೇಕು ಅನ್ನುವ ಒಂದು ಸಾಮಾನ್ಯ ನಿಯಮ 1999ರಲ್ಲೇ ಆಗಿದೆ. ಅದನ್ನು ಪಾಲಿಸುವ ಸಾಧನವನ್ನು ‘ಕ್ಲಾಸ್ ಕಂಪ್ಲಯಂಟ್’ ಅನ್ನುತ್ತಾರೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅದಕ್ಕೆ ಬೇಕಾದ ಡ್ರೈವರ್ ಮೊದಲೇ ಇರುತ್ತದೆ. ಚುಚ್ಚಿದರೆ ಆಯಿತು. ಆದರೆ ನಿಯಮ ಬಂದ ಮೇಲೂ ಕೆಲವು ವರ್ಷ ಎಷ್ಟೋ ಸಾಧನಗಳು ತಮ್ಮದೇ ದಲಾಲಿಯನ್ನು ಇಟ್ಟುಕೊಂಡಿದ್ದವು. ಮಾವನದು ಆ ಜಾತಿ.

ಸರಿ, ಸಿಡಿ. ನನ್ನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ತೀನ್ ಕಂದೀಲ್ ಹತ್ತಿರ ಒಂದು ಫೋಟೋ ಸ್ಟುಡಿಯೋದಲ್ಲಿ ಹಳೇ ಡೆಸ್ಕ್‌ಟಾಪ್ ಇತ್ತು. ಅವರು ಮದುವೆ ಸಿಡಿ ಬರೆಯುತ್ತಿದ್ದ ಕಾಲದ್ದು. ಚಹಾ ಕುಡಿಸಿ ಪೆನ್‌ಡ್ರೈವಿಗೆ ಕಾಪಿ ಮಾಡಿಸಿಕೊಂಡು ಬಂದೆ. ಸೆಟಪ್ ಒತ್ತಿದರೆ ‘ಈ ಆಪರೇಟಿಂಗ್ ಸಿಸ್ಟಮ್‌ಗೆ ಬೆಂಬಲವಿಲ್ಲ’ ಎಂದು ಒಂದೇ ಸಾಲು ಹೇಳಿ ಬಾಗಿಲು ಹಾಕಿಕೊಂಡಿತು.

ಕಂಪ್ಯಾಟಿಬಿಲಿಟಿ ಮೋಡ್ ಅಂತ ಒಂದಿದೆಯಲ್ಲ, ವಿಂಡೋಸ್ ಎಕ್ಸ್‌ಪಿ ಅಂತ ಆರಿಸಿ ಓಡಿಸಿದೆ. ಸೆಟಪ್ ನಂಬಿತು, ನೀಲಿ ಪಟ್ಟಿ ತುದಿ ಮುಟ್ಟಿತು, ‘ಮುಗಿಯಿತು’ ಅಂದಿತು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಮಾತ್ರ ಅಲ್ಲೇ ಇತ್ತು. ಯಾಕೆ ಅಂತ ಆಮೇಲೆ ತಿಳಿಯಿತು. ಆ ಮೋಡ್ ಪ್ರೋಗ್ರಾಂಗಳಿಗೆ ಹೇಳುವ ಸಣ್ಣ ಸುಳ್ಳು, ಅಷ್ಟೆ. ಡ್ರೈವರ್ ಕೂರುವುದು ಅದಕ್ಕಿಂತ ಒಳಗೆ, ವಿಂಡೋಸಿನ ಗರ್ಭಗುಡಿಯಾದ ಕರ್ನಲ್‌ನಲ್ಲಿ. 64 ಬಿಟ್ ವಿಂಡೋಸ್ ಹಳೆಯ 32 ಬಿಟ್ ಪ್ರೋಗ್ರಾಂ ಓಡಿಸುತ್ತದೆ, 32 ಬಿಟ್ ಡ್ರೈವರನ್ನು ಮಾತ್ರ ಹೊಸ್ತಿಲು ದಾಟಿಸುವುದಿಲ್ಲ. ಮಾವನ ಸಿಡಿಯಲ್ಲಿ ಇದ್ದುದೆಲ್ಲ 32 ಬಿಟ್.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನೆಟ್ಟಿನಲ್ಲಿ ಕೀಬೋರ್ಡಿನ ಹೆಸರು ಹಾಕಿ ಡ್ರೈವರ್ ಹುಡುಕಿದರೆ ಮೊದಲು ಬರುವುದು ‘ನಿಮ್ಮ ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ’ ಅನ್ನುವ ತಾಣಗಳು. ಅಂಥದೊಂದನ್ನು ಇಳಿಸಿದೆ. ಅದು ಲ್ಯಾಪ್‌ಟಾಪನ್ನು ಸ್ಕ್ಯಾನ್ ಮಾಡಿ, ಚೆನ್ನಾಗಿ ಓಡುತ್ತಿದ್ದ ಇಪ್ಪತ್ತು ಚಿಲ್ಲರೆ ಡ್ರೈವರ್‌ಗಳು ಹಳತಾಗಿವೆ ಎಂದು ಹೆದರಿಸಿತು. ಕೀಬೋರ್ಡಿನ ಬಗ್ಗೆ ಒಂದಕ್ಷರ ಇಲ್ಲ. ಸರಿಮಾಡಲು ದುಡ್ಡು ಕೇಳಿತು. ಅದನ್ನು ತೆಗೆದುಹಾಕುವುದಕ್ಕೆ ಒಂದು ಭಾನುವಾರ ಹೋಯಿತು.

ನಮ್ಮಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದಿದ್ದ. ನನ್ನ ಪಾಡು ನೋಡಿ ನಕ್ಕ.

“ಮಾಮಾ, ಹೆಸರು ಹಾಕಿ ಹುಡುಕಬ್ಯಾಡ್ರಿ. ಅದರ ಐಡಿ ನೋಡ್ರಿ ಮೊದಲ.”

ಡಿವೈಸ್ ಮ್ಯಾನೇಜರಿನಲ್ಲಿ ಆ ಹಳದಿ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ತೋರಿಸಿದ. ವಿಐಡಿ ಅಂತ ನಾಲ್ಕು ಅಕ್ಷರ, ಪಿಐಡಿ ಅಂತ ನಾಲ್ಕು ಅಕ್ಷರ. ಮೊದಲನೆಯದು ತಯಾರಿಸಿದವರ ಗುರುತು, ಎರಡನೆಯದು ಮಾಡೆಲ್ಲಿನ ಗುರುತು. ನಮ್ಮ ಕಡೆ ಮನೆತನದ ಅಡ್ಡಹೆಸರು, ಆಮೇಲೆ ಕರೆಯುವ ಹೆಸರು ಇದ್ದಂತೆ. ಡ್ರೈವರ್ ಕಟ್ಟಿನಲ್ಲಿ ಡಾಟ್ ಐಎನ್‌ಎಫ್ ಅನ್ನುವ ಒಂದು ಸಾದಾ ಕಡತ ಇರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ನಿಮ್ಮ ಸಾಧನದ ಐಡಿ ಅದರೊಳಗೆ ಬರೆದಿದ್ದರೆ ಆ ಡ್ರೈವರ್ ನಿಮ್ಮದು, ಇಲ್ಲದಿದ್ದರೆ ಅಲ್ಲ. ಇದೊಂದು ಮೊದಲೇ ಗೊತ್ತಿದ್ದರೆ ಒಂದು ವಾರ ಉಳಿಯುತ್ತಿತ್ತು.

ಅವನ ಹತ್ತಿರ ಉಬುಂಟು ತುಂಬಿದ ಪೆನ್‌ಡ್ರೈವ್ ಇತ್ತು. ಇನ್‌ಸ್ಟಾಲ್ ಮಾಡದೆ, ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಿದ. ಯುಎಸ್‌ಬಿ ಪಟ್ಟಿಯಲ್ಲಿ ಕೀಬೋರ್ಡ್ ಕಾಣಿಸಿತು. ಮಿಡಿ ಪೋರ್ಟುಗಳ ಪಟ್ಟಿಯಲ್ಲಿ ಕಾಣಿಸಲಿಲ್ಲ.

“ಜೀವ ಅದ ಮಾಮಾ, ಬುದ್ಧಿ ಬಂದಿಲ್ಲ,” ಅಂದ.

ತಮಾಷೆಗೆ ಹೇಳಿದ್ದು ಅಂದುಕೊಂಡೆ. ಅಲ್ಲ, ಅಕ್ಷರಶಃ ನಿಜ. ಆ ಕಾಲದ ಕೆಲವು ಮಿಡಿ ಸಾಧನಗಳಲ್ಲಿ ಯುಎಸ್‌ಬಿ ಚಿಪ್ಪಿನೊಳಗೆ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ಪ್ರೋಗ್ರಾಂ) ಉಳಿಯುವುದಿಲ್ಲ. ಪ್ರತಿಸಲ ಚುಚ್ಚಿದಾಗಲೂ ಅದು ಖಾಲಿ ತಲೆಯಲ್ಲಿ ಏಳುತ್ತದೆ. ಕಂಪ್ಯೂಟರಿನಲ್ಲಿರುವ ಡ್ರೈವರ್ ಅದಕ್ಕೆ ಫರ್ಮ್‌ವೇರ್ ತುಂಬುತ್ತದೆ. ತುಂಬಿದ ಕೂಡಲೇ ಸಾಧನ ತನ್ನನ್ನು ತಾನೇ ಕಿತ್ತುಕೊಂಡಂತೆ ಒಮ್ಮೆ ಮಾಯವಾಗಿ, ಬೇರೆ ಪಿಐಡಿ ಹೊತ್ತು ಮತ್ತೆ ಬರುತ್ತದೆ. ಆಗ ಮಾತ್ರ ಅದು ಮಿಡಿ ಸಾಧನ. ದಲಾಲಿ ಇಲ್ಲದಿದ್ದರೆ ರೈತನಿಗೆ ಮಾತೇ ಬಾರದು ಅನ್ನುವಂಥ ಏರ್ಪಾಡು. ಐಎನ್‌ಎಫ್ ಕಡತದಲ್ಲಿ ಒಂದೇ ಕೀಬೋರ್ಡಿಗೆ ಎರಡೆರಡು ಐಡಿ ಯಾಕೆ ಇದ್ದವು ಎಂದು ಆಗ ಅರ್ಥವಾಯಿತು.

ಹುಡುಕುತ್ತಾ ಹೋದಾಗ ತಯಾರಿಸಿದವರ ತಾಣದ ಒಂದು ಮೂಲೆಯಲ್ಲಿ, ಹಳೆಯ ಸಾಧನಗಳ ಪುಟದಲ್ಲಿ, ವಿಂಡೋಸ್ 7ರ 64 ಬಿಟ್ ಡ್ರೈವರ್ ಸಿಕ್ಕಿತು. ಅದೇ ಅವರು ಕೊಟ್ಟ ಕೊನೆಯದು. ಐಡಿ ಹೊಂದಿತು. ಈ ಸಲ ಕ್ರಮ ತಪ್ಪಿಸಲಿಲ್ಲ. ಮೊದಲು ಕೇಬಲ್ ಕಿತ್ತೆ. ಹಳೆಯ ಅರೆಬರೆ ಇನ್‌ಸ್ಟಾಲುಗಳನ್ನು ತೆಗೆಯಲು ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಹಾಕಿದೆ. ಮಸುಕು ಬಣ್ಣದಲ್ಲಿ ಅದೇ ಕೀಬೋರ್ಡಿನ ಮೂರು ದೆವ್ವಗಳು ಕೂತಿದ್ದವು. ನಾನು ಮೂರು ಬೇರೆ ಬೇರೆ ಯುಎಸ್‌ಬಿ ತೂತಿಗೆ ಚುಚ್ಚಿ ನೋಡಿದ್ದೆನಲ್ಲ, ಅದರ ಫಲ. ಸಾಧನಕ್ಕೆ ಸ್ವಂತ ಸೀರಿಯಲ್ ನಂಬರ್ ಇಲ್ಲದಿದ್ದರೆ ವಿಂಡೋಸ್ ಪ್ರತಿ ತೂತಿನಲ್ಲೂ ಅದನ್ನು ಹೊಸ ಅತಿಥಿ ಎಂದು ಬರೆದುಕೊಳ್ಳುತ್ತದೆ. ಮೂರನ್ನೂ ಅಳಿಸಿ ಲ್ಯಾಪ್‌ಟಾಪ್ ಒಮ್ಮೆ ರೀಸ್ಟಾರ್ಟ್ ಮಾಡಿದೆ.

ಸೆಟಪ್ ಮತ್ತೆ ಹಠ ಹಿಡಿಯಿತು. ಅದನ್ನು ಬಿಟ್ಟು ಕಟ್ಟನ್ನು ಬಿಚ್ಚಿ ಒಳಗಿನ ಕಡತಗಳನ್ನು ಒಂದು ಫೋಲ್ಡರಿಗೆ ಹಾಕಿದೆವು. ಆಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಅಪ್‌ಡೇಟ್ ಡ್ರೈವರ್, ‘ನನ್ನ ಕಂಪ್ಯೂಟರಿನಲ್ಲಿ ಹುಡುಕು’, ‘ಹ್ಯಾವ್ ಡಿಸ್ಕ್’. ಐಎನ್‌ಎಫ್ ತೋರಿಸಿದೆ. ಒಪ್ಪಿತು! ಮರುಗಳಿಗೆ ಕೆಳಗಿನ ಮೂಲೆಯಲ್ಲಿ ಚೀಟಿ ಬಂತು. ಈ ಸಾಧನದ ಡ್ರೈವರ್ ಲೋಡ್ ಮಾಡಲಾಗದು ಎಂದು.

ಇಲ್ಲಿಂದ ಮುಂದೆ ಸ್ವಲ್ಪ ಎಚ್ಚರದಿಂದ ಓದಿ. ಸುಮ್ನೆ ನಾನು ಮಾಡಿದ್ದನ್ನೇ ಮಾಡಬೇಡಿ.

2007ರ ವಿಸ್ಟಾದಿಂದ 64 ಬಿಟ್ ವಿಂಡೋಸ್‌ನಲ್ಲಿ ಡಿಜಿಟಲ್ ಸಹಿ ಇಲ್ಲದ ಕರ್ನಲ್ ಡ್ರೈವರ್ ಲೋಡ್ ಆಗುವುದಿಲ್ಲ. ಸಹಿ ಅಂದರೆ ದಲಾಲಿಯ ಲೈಸೆನ್ಸು. ನೆಟ್ಟಿನಲ್ಲಿ ಎಲ್ಲರೂ ಹೇಳುವ ಉಪಾಯ, ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್, ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ 7 ಒತ್ತಿ ಸಹಿ ನೋಡುವುದನ್ನು ನಿಲ್ಲಿಸುವುದು. ಮಾಡಿದೆ. ನಡುವೆ ಲ್ಯಾಪ್‌ಟಾಪ್ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕೇಳಿ ಎದೆ ಝಲ್ಲೆನಿಸಿತು. ಅದು ನನ್ನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇತ್ತು, ಬದುಕಿದೆ. ಇಲ್ಲದಿದ್ದರೆ ಎರಡು ವರ್ಷದ ರೆಕಾರ್ಡಿಂಗು ಹೋದಂತೆಯೇ. ಅಷ್ಟೆಲ್ಲ ಮಾಡಿದ ಈ ಉಪಾಯ ನಡೆಯುವುದು ಮುಂದಿನ ರೀಸ್ಟಾರ್ಟ್‌ವರೆಗೆ ಮಾತ್ರ. ಅದಲ್ಲದೆ ನನ್ನ ಡ್ರೈವರಿಗೆ ಸಹಿ ಇತ್ತು. ರೋಗವೇ ಬೇರೆ, ಔಷಧವೇ ಬೇರೆ ಆಗಿತ್ತು.

ನಿಜವಾಗಿ ತಡೆದದ್ದು ಕೋರ್ ಐಸೊಲೇಷನ್ ಒಳಗಿನ ಮೆಮೊರಿ ಇಂಟಿಗ್ರಿಟಿ. ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ ಅಂತ ಹೋದರೆ ಸಿಗುತ್ತದೆ. ಕರ್ನಲ್‌ನ ಮೆಮೊರಿಯನ್ನು ಬೇಕಾಬಿಟ್ಟಿ ಮುಟ್ಟುವ ಡ್ರೈವರ್‌ಗಳನ್ನು ಅದು ಹೊರಗೇ ನಿಲ್ಲಿಸುತ್ತದೆ. ಹಳೆಯ ಡ್ರೈವರ್ ಬರೆದವರಿಗೆ ಇಂಥ ಕಾವಲುಗಾರ ಬರುತ್ತಾನೆ ಎಂದು ಗೊತ್ತಿರಲಿಲ್ಲ, ಅವರ ತಪ್ಪೂ ಅಲ್ಲ. ನಾನು ಕಾವಲುಗಾರನನ್ನು ಮಲಗಿಸಿದೆ. ರೀಸ್ಟಾರ್ಟ್. ಕೇಬಲ್ ಚುಚ್ಚಿದೆ. ಟಡಂಗ್ ಅಂತ ಒಂದು ಸದ್ದು, ಮಾಯವಾಯಿತು, ಮತ್ತೆ ಟಡಂಗ್. ಬುದ್ಧಿ ಬಂದಿತ್ತು.

ರೀಪರ್‌ನಲ್ಲಿ ಪ್ರಿಫರೆನ್ಸಸ್ ಒಳಗಿನ ಮಿಡಿ ಪಟ್ಟಿಯಲ್ಲಿ ಹೆಸರು ಬಂದಿದೆ, ಆದರೆ ಕೀ ಒತ್ತಿದರೆ ಸದ್ದಿಲ್ಲ. ಹೆಸರು ಬಂದರೆ ಸಾಲದು. ಅದರ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಪುಟ್ ಎನೇಬಲ್ ಮಾಡಬೇಕು. ಆಮೇಲೆ ಟ್ರ್ಯಾಕಿನ ಇನ್‌ಪುಟ್ ಅನ್ನು ಮೈಕ್‌ನಿಂದ ಮಿಡಿಗೆ ಬದಲಿಸಬೇಕು, ಕೆಂಪು ಗುಂಡಿ ಒತ್ತಬೇಕು, ಮಾನಿಟರ್ ಆನ್ ಮಾಡಬೇಕು, ಅದರ ಮೇಲೊಂದು ವಾದ್ಯದ ಪ್ಲಗಿನ್, ಅಂದರೆ ದನಿ ಹುಟ್ಟಿಸುವ ಸಣ್ಣ ಪ್ರೋಗ್ರಾಂ, ಹಾಕಬೇಕು. ಇನ್ನೊಂದು ಮಾತು, ಬೇರೆ ಯಾವುದಾದರೂ ಪ್ರೋಗ್ರಾಂ ಆಗಲೇ ಆ ಮಿಡಿ ಪೋರ್ಟನ್ನು ಹಿಡಿದು ಕೂತಿದ್ದರೆ ರೀಪರ್‌ಗೆ ಅದು ಸಿಗದೇ ಹೋಗಬಹುದು. ಹಳೆಯ ಡ್ರೈವರ್‌ಗಳು ಒಂದು ಹೊತ್ತಿಗೆ ಒಬ್ಬರಿಗೇ ಬಾಗಿಲು ತೆರೆಯುವಂಥವು. ಎಲ್ಲ ಆಗಿ, ರಾತ್ರಿ ಹನ್ನೊಂದೂವರೆಗೆ ಮೊದಲ ಸ್ವರ ಕೇಳಿಸಿತು. ಕೆಳಗೆ ಮಲಗಿದ್ದ ಅವ್ವ “ಏನಾತೋ?” ಅಂತ ಕೂಗಿದಳು. ಅಷ್ಟು ಜೋರಾಗಿ ಒತ್ತಿದ್ದೆ.

ಎರಡು ದಿನ ಸುಖ. ಮೂರನೆಯ ದಿನ ಮಾನ್ವಿ ಕಡೆಯ ಒಂದು ಭಜನಾ ಮಂಡಳಿಯ ಮುತ್ಯಾ ಬಂದಿದ್ದರು. ಎಪ್ಪತ್ತು ದಾಟಿದವರು, ದನಿ ಮಾತ್ರ ಬೆಳಗಿನ ಜಾವದ್ದು. ಕರಿ ಒಂದು ಪಟ್ಟಿಯಲ್ಲಿ ಎತ್ತಿಕೊಂಡರು. ನಾನು ಕೀಬೋರ್ಡಿನಲ್ಲಿ ಶ್ರುತಿ ಹಿಡಿದು ಕೂತಿದ್ದೆ. ಮೂರನೆಯ ನುಡಿಗೆ ಬರುವಷ್ಟರಲ್ಲಿ ಪರದೆ ನೀಲಿಯಾಯಿತು. ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂದು ಬರೆದು, ಕೆಳಗೆ ಅದೇ ಕೀಬೋರ್ಡ್ ಡ್ರೈವರಿನ ಕಡತದ ಹೆಸರು. ಮುತ್ಯಾ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ನಿಲ್ಲಿಸಿ ಅನ್ನಲು ಬಾಯಿ ಬರಲಿಲ್ಲ. ಕೊನೆಯ ನುಡಿ ಮುಗಿಸಿ ಕಣ್ಣು ಬಿಟ್ಟು, “ಬಂತೇನಪಾ?” ಅಂದರು.

ಮೊದಲೆರಡು ನುಡಿಯ ವೇವ್ ಫೈಲು ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಉಳಿದಿತ್ತು. ಉಳಿದದ್ದು ನನ್ನ ಕಿವಿಯಲ್ಲಿ ಮಾತ್ರ.

ಅವತ್ತೇ ಆ ಡ್ರೈವರ್ ಕಿತ್ತೆಸೆದೆ. ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್ ಒತ್ತುವಾಗ ‘ಡ್ರೈವರ್ ಕಡತವನ್ನೂ ಅಳಿಸು’ ಅನ್ನುವ ಚೌಕಕ್ಕೆ ಟಿಕ್ ಹಾಕಬೇಕು. ಇಲ್ಲದಿದ್ದರೆ ಮುಂದಿನ ಸಲ ಚುಚ್ಚಿದ ಕೂಡಲೇ ಅದೇ ಎದ್ದು ಬರುತ್ತದೆ. ಮೆಮೊರಿ ಇಂಟಿಗ್ರಿಟಿ ಮತ್ತೆ ಆನ್ ಮಾಡಿದೆ. ಬ್ಯಾಂಕಿನ ವ್ಯವಹಾರವೂ ಇದೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಶ್ರುತಿಯೊಂದಕ್ಕಾಗಿ ಬಾಗಿಲು ತೆರೆದಿಟ್ಟು ಮಲಗುವುದು ನನಗೆ ಒಗ್ಗಲಿಲ್ಲ.

ಮಾವನಿಗೆ ಫೋನ್ ಮಾಡಿ ಸೋತೆ ಅಂತ ಹೇಳಿದೆ. ಅವರು ಪಾಪ, ಅದೇ ರಾಗ. “ಸಿಡಿ ಹಾಕಿದಿಲ್ಲೋ?” ಆಮೇಲೆ ಮಾತಿನ ನಡುವೆ ಒಂದು ಸುದ್ದಿ ಬಂತು. “ಸ್ಟೇಜಿನ್ಯಾಗ ನಾವು ಕಂಪ್ಯೂಟರ್ ಎಲ್ಲಿ ಒಯ್ತಿದ್ವಿ? ಅದರ ಹಿಂದ ದುಂಡನ ವಾಯರ್ ಹಾಕಿ ದೊಡ್ಡ ಕೀಬೋರ್ಡಿಗೆ ಜೋಡಸ್ತಿದ್ವಿ.”

ಫೋನ್ ಹಿಡಿದೇ ಹೋಗಿ ಕೀಬೋರ್ಡ್ ತಿರುವಿ ನೋಡಿದೆ. ಬೆನ್ನ ಮೇಲೆ ದುಂಡನೆಯ ಸಾಕೆಟ್. ಅರ್ಧಚಂದ್ರಾಕಾರದಲ್ಲಿ ಐದು ತೂತು. ಇಷ್ಟು ದಿನ ಅದರ ಮೇಲೆ ಕೈ ಆಡಿಸಿದ್ದೇನೆ, ಧೂಳು ಒರೆಸಿದ್ದೇನೆ, ನೋಡಿರಲಿಲ್ಲ.

ಇದೇ ಮೂಲ ಮಿಡಿ. 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನು, ಸೀಕ್ವೆನ್ಷಿಯಲ್‌ನವರ ಪ್ರಾಫೆಟ್ 600 ಮತ್ತು ರೋಲ್ಯಾಂಡ್‌ನವರ ಜ್ಯುಪಿಟರ್ 6, ಇಂಥದೇ ವಾಯರ್‌ನಿಂದ ಜೋಡಿಸಿ ತೋರಿಸಿದರು. ಒಂದನ್ನು ನುಡಿಸಿದರೆ ಇನ್ನೊಂದು ನುಡಿಯಿತು. ಐದು ಕಡ್ಡಿಗಳಲ್ಲಿ ಕೆಲಸ ಮಾಡುವುದು ಮೂರೇ. ಸೆಕೆಂಡಿಗೆ 31,250 ಬಿಟ್ ವೇಗ. ಇವತ್ತಿನ ಲೆಕ್ಕಕ್ಕೆ ಎತ್ತಿನ ಬಂಡಿ. ಆದರೆ ಒಂದು ಸ್ವರದ ಸುದ್ದಿ ಮೂರೇ ಬೈಟ್, ಅದು ದಾಟಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು. ಅವತ್ತಿನ ಭಾಷೆಯೇ ಇವತ್ತಿಗೂ ನಡೆಯುತ್ತದೆ. ಇದರಲ್ಲಿ ಕಂಪನಿಗೊಬ್ಬ ದಲಾಲಿ ಇಲ್ಲ.

ಅಳಿಯ ಇಷ್ಟು ಹೊತ್ತಿಗೆ ಕೀಬೋರ್ಡಿನ ತಳದ ಸ್ಕ್ರೂ ಬಿಚ್ಚಿ ನೋಡಿದ್ದ. ಕೀಗಳನ್ನು ಓದುವ ಚಿಪ್ ಬೇರೆ, ಯುಎಸ್‌ಬಿ ಮಾತಾಡುವ ಚಿಪ್ ಬೇರೆ. ಬುದ್ಧಿ ಬಾರದ್ದು ಎರಡನೆಯದಕ್ಕೆ ಮಾತ್ರ. ಮೊದಲನೆಯದು ಅಷ್ಟು ದಿನವೂ ತನ್ನ ಪಾಡಿಗೆ ಆ ಐದು ತೂತಿನಲ್ಲಿ ಸುದ್ದಿ ಕಳಿಸುತ್ತಲೇ ಇತ್ತು.

ಬಿಚ್ಚಿದ್ದರಿಂದ ಇನ್ನೊಂದು ಲಾಭ. ನಡುವಿನ ನಾಲ್ಕೈದು ಕೀ ಎಷ್ಟು ಮೆತ್ತಗೆ ಮುಟ್ಟಿದರೂ ಪೂರಾ ಜೋರಿನಲ್ಲಿ, ಅಂದರೆ 127ರಲ್ಲಿ ನುಡಿಯುತ್ತಿದ್ದವು. ಪ್ರತಿ ಕೀಯ ಕೆಳಗೆ ರಬ್ಬರ್ ಪಟ್ಟಿಯಲ್ಲಿ ಎರಡು ಕರಿ ಚುಕ್ಕೆ ಇರುತ್ತವೆ. ಒಂದು ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ನಡುವಿನ ಸಮಯ ಅಳೆದು ಎಷ್ಟು ಜೋರಾಗಿ ಒತ್ತಿದಿರಿ ಎಂದು ಲೆಕ್ಕ ಹಾಕುತ್ತದೆ. ನಮ್ಮೂರಿನ ಧೂಳು ಆ ಚುಕ್ಕೆಗಳ ಮೇಲೆ ಕೂತು ಲೆಕ್ಕ ಕೆಡಿಸಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿದೆವು. ಹತ್ತಿಗೇನು ಬರ, ಮಿಲ್ಲಿನಿಂದ ಜೇಬಲ್ಲೇ ಬರುತ್ತದೆ.

ಯುಎಸ್‌ಬಿ ತೆಗೆದರೆ ಕೀಬೋರ್ಡಿಗೆ ಕರೆಂಟ್ ಎಲ್ಲಿಂದ? ಹಿಂದೆ 9 ವೋಲ್ಟ್ ಅಡಾಪ್ಟರಿನ ತೂತು ಇತ್ತು, ಅಡಾಪ್ಟರ್ ಇರಲಿಲ್ಲ. ಸ್ಟೇಷನ್ ರೋಡಿನ ಒಂದು ರೇಡಿಯೋ ಅಂಗಡಿಯಲ್ಲಿ ಕೇಳಿದೆ. ಕಾಕಾ ಒಬ್ಬರು ಏಳೆಂಟು ತುದಿಗಳ ಅಡಾಪ್ಟರ್ ತೆಗೆದು, “ಇದು ಎಲ್ಲಾಕ್ಕೂ ಬರ್ತದ ತಗೋರಿ” ಅಂದರು. 250 ರೂಪಾಯಿ. ಚುಚ್ಚುವ ಮೊದಲು ಅಳಿಯ ಕೈ ಹಿಡಿದ. ಸಾಕೆಟ್ ಪಕ್ಕದ ಸಣ್ಣ ಚಿತ್ರ ನೋಡಿದೆವು. ನಡುವಿನ ಚುಕ್ಕೆಗೆ ಪ್ಲಸ್, ಸುತ್ತಲಿನ ಬಳೆಗೆ ಮೈನಸ್. ಮಲ್ಟಿಮೀಟರ್ ಇಟ್ಟರೆ ಅಡಾಪ್ಟರಿನದು ಉಲ್ಟಾ. ತುದಿ ತಿರುಗಿಸಿ ಹಾಕಿದರೆ ಸರಿಯಾಯಿತು. ಗಿಟಾರ್ ಪೆಡಲ್ಲಿನ ಅಡಾಪ್ಟರ್ ಮನೆಯಲ್ಲಿದೆ ಎಂದು ಹಾಕುವವರು ಇದನ್ನು ಖಂಡಿತ ನೋಡಿಕೊಳ್ಳಿ. ಅವುಗಳಲ್ಲಿ ಸಾಮಾನ್ಯವಾಗಿ ನಡುವೆ ಮೈನಸ್ ಇರುತ್ತದೆ.

ಆ ಕಾಕಾಗೆ ಐದು ತೂತಿನ ಫೋಟೋ ತೋರಿಸಿದ್ದೆ. ಕನ್ನಡಕ ಏರಿಸಿ ನೋಡಿ, “ಇದು ಹಳೇ ಟೇಪ್ ರೆಕಾರ್ಡರ್ ಪಿನ್ನಲ್ರೀ! ಡಿನ್ ಅಂತಿದ್ವಿ ಇದಕ್ಕ” ಅಂದರು. ಸರಿಯಾಗೇ ಹೇಳಿದರು. ಜರ್ಮನಿಯ ಡಿಐಎನ್ ಮಾನಕದಿಂದ ಬಂದ ಹೆಸರು ಅದು.

ಒಂದು ಬದಿ ಯುಎಸ್‌ಬಿ, ಇನ್ನೊಂದು ಬದಿ ಎರಡು ಐದು ಕಡ್ಡಿಯ ಪ್ಲಗ್ ಇರುವ ಮಿಡಿ ಕೇಬಲ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದು ಕ್ಲಾಸ್ ಕಂಪ್ಲಯಂಟ್, ಡ್ರೈವರ್ ಬೇಡ. ಅತಿ ಅಗ್ಗದ್ದನ್ನು ಮೊದಲು ತರಿಸಿದೆ. ಪ್ಲಗ್ ಮೇಲೆ ಇನ್, ಔಟ್ ಅಂತ ಬರೆದಿರುತ್ತದೆ. ಕೀಬೋರ್ಡಿನ ಔಟ್ ಸಾಕೆಟ್ಟಿಗೆ ಕೇಬಲ್ಲಿನ ಔಟ್ ಹಾಕಿ ಅರ್ಧ ಗಂಟೆ ಒದ್ದಾಡಿದೆ. ಹೊರಡುವ ಬಾಗಿಲಿಗೆ ಒಳಬರುವ ಬಾಗಿಲು ಜೋಡಿಸಬೇಕು, ಅಂದರೆ ಔಟ್‌ಗೆ ಇನ್. ಅದಲುಬದಲು ಮಾಡಿದ ಕ್ಷಣ ರೀಪರ್‌ನಲ್ಲಿ ಹಸಿರು ಪಟ್ಟಿ ಕುಣಿಯಿತು. ಹಳದಿ ತ್ರಿಕೋನ ಇಲ್ಲ, ಸೆಟಪ್ ಇಲ್ಲ, ರೀಸ್ಟಾರ್ಟ್ ಇಲ್ಲ. ನಿಜ ಹೇಳಬೇಕಂದ್ರೆ ಸ್ವಲ್ಪ ಸಿಟ್ಟೇ ಬಂತು.

ಅಗ್ಗದ ಕೇಬಲ್ ತನ್ನ ಬುದ್ಧಿ ತೋರಿಸಿತು. ನುಡಿಸುತ್ತಾ ವಾಲ್ಯೂಮ್ ತಿರುಗಣಿ ಜೋರಾಗಿ ತಿರುಗಿಸಿದರೆ ಸುದ್ದಿಗಳ ಸಾಲು ಜಾಸ್ತಿಯಾಗಿ, ಕೆಲವು ಕಳೆದುಹೋಗುತ್ತಿದ್ದವು. ‘ಕೀ ಬಿಟ್ಟರು’ ಅನ್ನುವ ಸುದ್ದಿಯೇ ಕಳೆದರೆ ಸ್ವರ ಕೊಂಯ್ ಅಂತ ನಿಲ್ಲದೆ ಹರಿಯುತ್ತದೆ. ಅಳಿಯ ಅದನ್ನೂ ಬಿಚ್ಚಿದ. ಅವನಿಗೆ ಬಿಚ್ಚದಿದ್ದರೆ ನಿದ್ದೆ ಬಾರದು. ಒಳಗೆ ಆಪ್ಟೋಕಪ್ಲರ್ ಅನ್ನುವ ಪುಟ್ಟ ಭಾಗವೇ ಇರಲಿಲ್ಲ. ಮಿಡಿಯ ನಿಯಮದ ಪ್ರಕಾರ ಒಳಬರುವ ಸುದ್ದಿ ಬೆಳಕಿನ ಮೂಲಕ ದಾಟಬೇಕು. ಒಂದು ಬದಿ ಎಲ್‌ಇಡಿ ಮಿನುಗುತ್ತದೆ, ಇನ್ನೊಂದು ಬದಿ ಅದನ್ನು ನೋಡಿ ಬರೆದುಕೊಳ್ಳುತ್ತದೆ. ಎರಡು ಯಂತ್ರಗಳ ನಡುವೆ ವಿದ್ಯುತ್ತಿನ ನಂಟು ಇರಬಾರದು ಅಂತಲೇ ಈ ಏರ್ಪಾಡು, ಆಗ ಹಮ್ ಸದ್ದು ಒಂದರಿಂದ ಒಂದಕ್ಕೆ ಹತ್ತುವುದಿಲ್ಲ. ನಮಗಿದು ದೊಡ್ಡ ಮಾತು. ಶಕ್ತಿನಗರದಲ್ಲಿ ಕರೆಂಟ್ ಹುಟ್ಟಿಸುವ ಜಿಲ್ಲೆ ನಮ್ಮದು, ಆದರೂ ನನ್ನ ಅರ್ಧ ರೆಕಾರ್ಡಿಂಗ್ ಇನ್ವರ್ಟರ್ ಮೇಲೆ ನಡೆಯುತ್ತದೆ. ಇನ್ವರ್ಟರಿನ ಗುಂಯ್‌ಗುಡುವಿಕೆ ಹಾಡಿನೊಳಗೆ ಬಂದರೆ ತೆಗೆಯುವುದು ಕಷ್ಟ. 700 ರೂಪಾಯಿ ಜಾಸ್ತಿ ಕೊಟ್ಟು ಇನ್ನೊಂದು ಕೇಬಲ್ ತರಿಸಿದೆ. ಅದು ತೊಂದರೆ ಕೊಟ್ಟಿಲ್ಲ.

ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವೆ ತಡ ಅನ್ನಿಸಿದರೆ ಕೇಬಲನ್ನು ಬೈಯುವ ಮೊದಲು ಆಡಿಯೋ ಬಫರ್ ನೋಡಿ. ದನಿಯ ಚೂರುಗಳನ್ನು, ಅಂದರೆ ಸ್ಯಾಂಪಲ್ಲುಗಳನ್ನು, ಹೊರಬಿಡುವ ಮೊದಲು ಕಂಪ್ಯೂಟರ್ ಕೂಡಿಡುವ ಜಾಗ ಅದು. ಸೆಕೆಂಡಿಗೆ 44,100 ಸ್ಯಾಂಪಲ್ಲಿನ ರೇಟಿನಲ್ಲಿ ಬಫರ್ 1024 ಇದ್ದರೆ 23 ಮಿಲಿಸೆಕೆಂಡ್ ಅಲ್ಲೇ ಹೋಗುತ್ತದೆ. 128ಕ್ಕೆ ಇಳಿಸಿದರೆ ಮೂರಕ್ಕಿಂತ ಕಡಿಮೆ. ಮಿಡಿ ವಾಯರಿನ ಒಂದು ಮಿಲಿಸೆಕೆಂಡ್ ಇದರ ಮುಂದೆ ಏನೂ ಅಲ್ಲ.

ಮುತ್ಯಾ ಮತ್ತೆ ಬಂದರು. ಕೀಬೋರ್ಡನ್ನು ಈ ಕಡೆಯಿಂದ ಆ ಕಡೆಯಿಂದ ನೋಡಿದರು. “ಗಾಳಿ ಎಲ್ಲಿಂದ ಹೊಡೀತಿ ಇದಕ್ಕ?” ಅಂದರು. ಗಾಳಿ ಬೇಡ ಮುತ್ಯಾ, ಕರೆಂಟ್ ಸಾಕು ಅಂದೆ. ಅವರ ಪೇಟಿಯ, ಅಂದರೆ ಹಾರ್ಮೋನಿಯಂನ, ಕರಿ ಒಂದು, ನನ್ನ ಕೀಬೋರ್ಡಿನ ಕರಿ ಒಂದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಹಳೇ ಪೇಟಿಯ ರೀಡು, ಸಹಜ. ಪೇಟಿ ಬದಲಿಸಲಾಗದು. ಪ್ಲಗಿನ್ನಿನ ಟ್ಯೂನಿಂಗನ್ನು ಇಪ್ಪತ್ತು ಸೆಂಟ್ ಏರಿಸಿದೆ (ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್). ಅವರು ತಲೆ ಆಡಿಸಿದ ಮೇಲೆ ರೆಕಾರ್ಡ್ ಒತ್ತಿದೆ. ಐದು ನುಡಿ, ಒಂದೇ ಉಸಿರಿಗೆ ಬಂದಂತೆ ಬಂತು. ಈ ಸಲ “ಬಂತೇನಪಾ?” ಅಂದಾಗ ಹೆಡ್‌ಫೋನನ್ನು ಅವರ ಕಿವಿಗೇ ಹಾಕಿದೆ.

ಕೀಬೋರ್ಡಿನ ಯುಎಸ್‌ಬಿ ತೂತಿಗೆ ಕರಿ ಟೇಪ್ ಅಂಟಿಸಿದ್ದೇನೆ. ಅಳಿಯ ಬಂದಾಗೆಲ್ಲ ಚುಚ್ಚಿ ನೋಡುವ ಚಟ ಬಿಡುವುದಿಲ್ಲ. ಅದರ ಹಳೇ ಯುಎಸ್‌ಬಿ ಕೇಬಲ್ಲು ಈಗ ನಮ್ಮ ಮಿಲ್ಲಿನ ಪ್ರಿಂಟರಿಗೆ ಹೋಗಿದೆ, ದಿನಾ ಹತ್ತಿ ತೂಕದ ಚೀಟಿ ಹೊಡೆಯುತ್ತದೆ.